ಸ್ಪೀಡ್ ಏರಿಸಿದರೆ ಗಮ್ ಜಾಗ ತಪ್ಪುತ್ತದೆ: 555 ಬಿಟ್ಟು ಬೇರೆ ದಾರಿ ಏನು?

ಭೋಸರಿ_ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಚಿಕ್ಕ ಪ್ಯಾಕಿಂಗ್ ಯೂನಿಟ್. ಕಾರ್ಟನ್ ಮಡಚಿ ಗಮ್ ಹಾಕುವ ಹಳೆ ಮೆಷಿನ್ ಒಂದಿದೆ. ಮೇನ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಒಂದು ಕಾರ್ಟನ್, ಬೆಲ್ಟ್ 400 ಮಿಮೀ ಮುಂದಕ್ಕೆ. ಶಾಫ್ಟಿಗೆ ಒಂದು ಕಬ್ಬಿಣದ ಪಟ್ಟಿ ಹಚ್ಚಿದ್ದಾರೆ, ಎದುರಿಗೆ ಪಟ್ಟಿ ಹತ್ತಿರ ಬಂದಾಗಲೆಲ್ಲ ಪಲ್ಸ್ ಕೊಡುವ ಪ್ರಾಕ್ಸಿಮಿಟಿ ಸೆನ್ಸರ್. ಸೆನ್ಸರ್ ಪಲ್ಸ್ ಬಂದ ಮೇಲೆ ಕಾಲು ಸುತ್ತು, ಅಂದರೆ 90 ಡಿಗ್ರಿ ಆದಾಗ ಗಮ್ ಬೀಳಬೇಕು. ಹಿಂದೆ ಪ್ಯಾನೆಲ್ ಮಾಡಿಕೊಟ್ಟವರು ಇದಕ್ಕೆ 555 ಟೈಮರ್ ಐಸಿಯ ಮೊನೊಸ್ಟೇಬಲ್ ಹಾಕಿದ್ದಾರೆ, ಅಂದರೆ ಟ್ರಿಗರ್ ಬಂದಾಗ ಗೊತ್ತಾದಷ್ಟು ಹೊತ್ತಿನ ಒಂದು ಪಲ್ಸ್ ಕೊಡುವ ಸರ್ಕ್ಯೂಟ್. 22ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್. ಅದರ ಪಲ್ಸ್ ಮುಗಿದ ಕೂಡಲೇ ಎರಡನೇ 555 ವಾಲ್ವ್ ತೆರೆಯುತ್ತದೆ.

60 ಆರ್‌ಪಿಎಂನಲ್ಲಿ ಸರಿಯಾದ ಜಾಗದಲ್ಲಿ ಬೀಳುತ್ತದೆ. 120ಕ್ಕೆ ಏರಿಸಿದರೆ 100 ಮಿಮೀ ಹಿಂದೆ. ವಿಚಿತ್ರ ಏನೆಂದರೆ 300ರಲ್ಲಿ ಮತ್ತೆ ಸರಿಯಾದ ಜಾಗಕ್ಕೇ ಬರುತ್ತದೆ, ಆದರೆ ಒಂದು ಬಿಟ್ಟು ಒಂದು ಕಾರ್ಟನ್‌ಗೆ ಮಾತ್ರ! ಆಪರೇಟರ್ ಹೇಳುವುದು, ಮೆಷಿನ್ ಆ ಸ್ಪೀಡಿಗೆ ಒಗ್ಗಿದೆ, ವಾಲ್ವ್ ಮಾತ್ರ ವೀಕ್ ಆಗಿದೆ ಅಂತ. ಹೊಸ ವಾಲ್ವ್ ತರಿಸೋಣವಾ?

ಬುಧವಾರಪೇಟೆ:
ವಾಲ್ವ್ ಈಗಲೇ ತರಬೇಡಿ. ಮೊದಲು ಆ ಎಲೆಕ್ಟ್ರೊಲಿಟಿಕ್ ತೆಗೆಯಿರಿ. ಟೈಮಿಂಗಿಗೆ ಅದು ಆಗಿಬರುವುದಿಲ್ಲ. 20 ಶೇಕಡಾ ಅತ್ತಿತ್ತ ಇರುತ್ತದೆ, ಲೀಕೇಜ್ ಬೇರೆ, ವಯಸ್ಸಾದಂತೆ ಒಣಗುತ್ತದೆ. ಫಿಲ್ಮ್ ಕೆಪ್ಯಾಸಿಟರ್ 1 ಮೈಕ್ರೋ ಹಾಕಿ, ರೆಸಿಸ್ಟರ್ 220ಕೆ ಮಾಡಿ. 555ರ 5ನೇ ಪಿನ್ನಿಗೆ 10 ನ್ಯಾನೋ ಕೆಪ್ಯಾಸಿಟರ್ ಇದೆಯಾ ನೋಡಿ, ಅದನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಡಿಲೇ ಅಲ್ಲಾಡುತ್ತದೆ. ಇಲ್ಲವೆಂದರೆ 555 ಬಿಟ್ಟು 74ಎಚ್‌ಸಿ123 ಹಾಕಿ, ಅದೂ ಮೊನೊಸ್ಟೇಬಲ್ ಐಸಿಯೇ.

ಮಾಟುಂಗಾ_ಮಾಮ:
ಬುಧವಾರಪೇಟೆ ಹೇಳಿದ ಕೆಪ್ಯಾಸಿಟರ್ ಮಾತು ಸರಿ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. 123 ಹಾಕಿದರಂತೂ ಇನ್ನೂ ಕೆಡುತ್ತದೆ.

ಲೆಕ್ಕ ಹಾಕಿ ನೋಡಿ. 1.1 × 22ಕೆ × 10 ಮೈಕ್ರೋ ಅಂದರೆ 242 ಮಿಲಿಸೆಕೆಂಡ್. ವಾಲ್ವ್ ತೆರೆಯಲು ಇನ್ನೊಂದು ಎಂಟು ಮಿಲಿಸೆಕೆಂಡ್ ತಿನ್ನುತ್ತದೆ ಅಂದುಕೊಳ್ಳೋಣ, ಒಟ್ಟು 250. 60 ಆರ್‌ಪಿಎಂನಲ್ಲಿ ಒಂದು ಸುತ್ತು 1 ಸೆಕೆಂಡ್, 250 ಮಿಲಿಸೆಕೆಂಡ್ ಅಂದರೆ ಸರಿಯಾಗಿ ಕಾಲು ಸುತ್ತು. ಅದಕ್ಕೇ ಅಲ್ಲಿ ಸರಿ. 120ರಲ್ಲಿ ಒಂದು ಸುತ್ತು 500, ಹಾಗಾಗಿ 250 ಅಂದರೆ ಅರ್ಧ ಸುತ್ತು. ಕಾಲು ಸುತ್ತು ತಡ, 100 ಮಿಮೀ, ನೀವು ಹೇಳಿದಷ್ಟೇ.

ಈಗ 300. ಒಂದು ಸುತ್ತು 200 ಮಿಲಿಸೆಕೆಂಡ್. 555 ಇನ್ನೂ 242 ಮುಗಿಸಿಲ್ಲ, ಆಗಲೇ ಎರಡನೇ ಪಲ್ಸ್ ಬಂತು. 555ಗೆ ಮಧ್ಯದಲ್ಲಿ ಬಂದ ಟ್ರಿಗರ್ ಕೇಳಿಸುವುದಿಲ್ಲ, ಆ ಪಲ್ಸ್ ಹೋಯಿತು. ಮೊದಲನೇ ಕಾರ್ಟನ್‌ಗೆ ಬೀಳಬೇಕಾದ ಗಮ್ 250ಕ್ಕೆ, ಅಂದರೆ ಎರಡನೇ ಸುತ್ತು ಶುರುವಾಗಿ 50 ಮಿಲಿಸೆಕೆಂಡಿಗೆ ಬಿತ್ತು. 200ರಲ್ಲಿ 50 ಅಂದರೆ ಮತ್ತೆ ಕಾಲು ಸುತ್ತು! ಕಾಕತಾಳೀಯ. ಮೆಷಿನ್ ಯಾವುದಕ್ಕೂ ಒಗ್ಗಿಲ್ಲ. 123 ಆದರೆ ಪ್ರತಿ ಪಲ್ಸಿಗೂ ಮತ್ತೆ ಮೊದಲಿಂದ ಎಣಿಸುತ್ತದೆ. 200ಕ್ಕೊಮ್ಮೆ ಪಲ್ಸ್ ಬರುತ್ತಿದ್ದರೆ 242 ಎಂದಿಗೂ ಮುಗಿಯುವುದೇ ಇಲ್ಲ. ಒಂದು ಕಾರ್ಟನ್‌ಗೂ ಗಮ್ ಇಲ್ಲ.

ನಿಮಗೆ ಬೇಕಾದದ್ದು 242 ಮಿಲಿಸೆಕೆಂಡ್ ಅಲ್ಲ, 90 ಡಿಗ್ರಿ. ಅದರಿಂದ ವಾಲ್ವ್ ತಿನ್ನುವ ಮಿಲಿಸೆಕೆಂಡ್ ಕಳೆಯಬೇಕು. ಒಂದು ಡಿಗ್ರಿ ಲೆಕ್ಕ, ಇನ್ನೊಂದು ಗಡಿಯಾರದ ಲೆಕ್ಕ. ಎರಡನ್ನೂ ಒಂದೇ ಪ್ರಿಸೆಟ್‌ನಲ್ಲಿ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸಲು ಹೋದರೆ ಒಂದು ಸ್ಪೀಡಿನಲ್ಲಿ ಮಾತ್ರ ಕೂಡಿಬರುತ್ತದೆ. ಮುಂಬೈ ಲೋಕಲ್ ರೈಲಿನಲ್ಲಿ ದಾದರ್ ಸ್ಟೇಷನ್‌ಗೆ ಇಳಿಯುವವನು ನೋಡಿ, ಗಾಡಿ ಹೇಗೇ ಓಡಲಿ ದಾದರ್ ಇದ್ದಲ್ಲೇ ಇರುತ್ತದೆ, ಬಾಗಿಲವರೆಗೆ ನುಗ್ಗಲು ಬೇಕಾದ ಹೊತ್ತೂ ಅಷ್ಟೇ ಇರುತ್ತದೆ, ಹಾಗಾಗಿ ಗಾಡಿ ಜೋರಾಗಿದ್ದಷ್ಟೂ ದೂರದಲ್ಲೇ ಏಳಬೇಕು.

ಭೋಸರಿ_ಫಿಟ್ಟರ್:
ಮಾಮ, 300ರ ಲೆಕ್ಕ ಓದಿ ತಲೆ ತಿರುಗಿತು. ಆಪರೇಟರ್‌ಗೂ ತೋರಿಸಿದೆ, ನಕ್ಕ. ಸರಿ, ಡಿಗ್ರಿ ಲೆಕ್ಕದಲ್ಲಿ ಡಿಲೇ ಮಾಡುವುದು ಹೇಗೆ? ಇಲ್ಲಿ ಒಬ್ಬರು 4046 ಹಾಕಿ ಅಂತಾರೆ.

ಘನ್ಸೋಲಿ_ಅನಲಾಗ್:
4046 ವಿದ್ಯೆ ಚೆನ್ನಾಗಿದೆ, ನಿಮ್ಮ ಮೆಷಿನ್‌ಗೆ ಅಲ್ಲ. ಅದು ಪಿಎಲ್‌ಎಲ್ ಐಸಿ, ಅಂದರೆ ಬಂದ ಸಿಗ್ನಲ್‌ಗೆ ತನ್ನ ಕ್ಲಾಕನ್ನು ಹೊಂದಿಸಿಕೊಳ್ಳುವ ಸರ್ಕ್ಯೂಟ್. ಮಾಡುವುದು ಇಷ್ಟೇ: ಸಿಡಿ4046ರ ಒಳಗಿನ ವಿಸಿಓ (ವೋಲ್ಟೇಜಿಗೆ ತಕ್ಕಂತೆ ಫ್ರೀಕ್ವೆನ್ಸಿ ಬದಲಿಸುವ ಆಸಿಲೇಟರ್) ಔಟ್‌ಪುಟ್ಟನ್ನು ಸಿಡಿ4040 ಕೌಂಟರ್‌ನಿಂದ 256ರಿಂದ ಭಾಗಿಸಿ, ಅದನ್ನು ನಿಮ್ಮ ಸೆನ್ಸರ್ ಪಲ್ಸ್ ಜೊತೆ ಹೋಲಿಸುವುದು. ಲಾಕ್ ಆದ ಮೇಲೆ ಒಂದು ಸುತ್ತಿಗೆ 256 ಪಲ್ಸ್ ಸಿಗುತ್ತವೆ, ಸ್ಪೀಡ್ ಎಷ್ಟೇ ಇರಲಿ. 64 ಎಣಿಸಿದರೆ 90 ಡಿಗ್ರಿ. ಕೇಳಲು ಬಲು ಚಂದ.

ತೊಂದರೆ ಲೂಪ್ ಫಿಲ್ಟರ್‌ನಲ್ಲಿ, ಅಂದರೆ ಆ ಹೋಲಿಕೆಯ ಫಲಿತಾಂಶವನ್ನು ನಯ ಮಾಡಿ ವಿಸಿಓಗೆ ಕೊಡುವ ಭಾಗದಲ್ಲಿ. ಫಿಲ್ಟರ್‌ನ ವೇಗ ಇನ್‌ಪುಟ್ ಫ್ರೀಕ್ವೆನ್ಸಿಯ ಹತ್ತನೇ ಒಂದು ಭಾಗದ ಆಸುಪಾಸು ಇಡಬೇಕಾಗುತ್ತದೆ, ಇಲ್ಲವಾದರೆ ವಿಸಿಓ ಪ್ರತಿ ಪಲ್ಸಿಗೂ ಜಗ್ಗಾಡುತ್ತದೆ. ನಿಮ್ಮ ಇನ್‌ಪುಟ್ 1ರಿಂದ 5 ಹರ್ಟ್ಸ್. ಹತ್ತನೇ ಒಂದು ಅಂದರೆ 0.1 ಹರ್ಟ್ಸ್. ಸ್ಪೀಡ್ ಬದಲಾಯಿಸಿದಾಗಲೆಲ್ಲ ಲಾಕ್ ಆಗಲು ಎಷ್ಟೋ ಸೆಕೆಂಡ್, ಅಷ್ಟು ಹೊತ್ತು ಕಾರ್ಟನ್ ಎಲ್ಲ ರದ್ದಿಗೆ. 400 ಹರ್ಟ್ಸ್, 2 ಕಿಲೋಹರ್ಟ್ಸ್ ಇದ್ದಿದ್ದರೆ ಇದನ್ನೇ ಹಾಕಿ ಅನ್ನುತ್ತಿದ್ದೆ.

ಚಾಕಣ್_ಸ್ಪಾರ್ಕ್:
ನಾವು ಎಂಜಿನ್ ಕಡೆಯವರು, ಇದೇ ಜಗಳ ನಮ್ಮಲ್ಲಿ ದಿನಾ ಇದೆ. ಇಗ್ನಿಷನ್‌ನಲ್ಲಿ ಸ್ಪಾರ್ಕ್ ಬೀಳಬೇಕಾದ ಜಾಗ ಡಿಗ್ರಿಯಲ್ಲಿ. ಆದರೆ ಕಾಯಿಲ್ ಚಾರ್ಜ್ ಆಗಲು ಬೇಕಾದದ್ದು ಸಮಯ, ಅಂದಾಜು 3 ಮಿಲಿಸೆಕೆಂಡ್ ಅನ್ನಿ. 1000 ಆರ್‌ಪಿಎಂನಲ್ಲಿ ಆ 3 ಮಿಲಿಸೆಕೆಂಡ್ ಅಂದರೆ 18 ಡಿಗ್ರಿ. 6000ದಲ್ಲಿ 108 ಡಿಗ್ರಿ! ಸ್ಪಾರ್ಕ್ ಡಿಗ್ರಿ ಹೆಚ್ಚು ಕಡಿಮೆ ಅಲ್ಲೇ ಇದ್ದರೂ ಕಾಯಿಲ್ ಆನ್ ಮಾಡುವ ಡಿಗ್ರಿ ಹಿಂದಕ್ಕೆ ಓಡುತ್ತಲೇ ಇರಬೇಕು. ಇದನ್ನು ಆರ್‌ಸಿ ಸರ್ಕ್ಯೂಟ್‌ನಲ್ಲಿ ಸಾಧಿಸಲು ಹೊರಟವರೆಲ್ಲ ಕೊನೆಗೆ ಮೈಕ್ರೋಕಂಟ್ರೋಲರ್‌ಗೇ ಬಂದರು. ನೀವೂ ಬನ್ನಿ.

ವೆರ್ಣಾ_ವೈರಿಂಗ್:
ಗೋವಾದಿಂದ. ಸುಮಾರು ಇಂಥದ್ದೇ ಒಂದು ಲೇಬಲ್ ಮೆಷಿನ್‌ಗೆ ಮಾಡಿದ್ದೇನೆ, ಆರ್ಡುಯಿನೋ ಊನೋ ಅನ್ನುವ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು. ಆದರೆ ಪ್ರೋಗ್ರಾಂನಲ್ಲಿ ಡಿಲೇ ಅಂತ ಇರುವ ಫಂಕ್ಷನ್ ಮುಟ್ಟಬೇಡಿ. ಅದು ನಿಂತಿರುವಾಗ ಮುಂದಿನ ಪಲ್ಸ್ ಬಂದರೆ 555 ಕಥೆಯೇ ಮತ್ತೆ. ಹಾರ್ಡ್‌ವೇರ್ ಟೈಮರ್ ಬಳಸಿ. ಟೈಮರ್ 1ಕ್ಕೆ ಇನ್‌ಪುಟ್ ಕ್ಯಾಪ್ಚರ್ ಇದೆ, ಬೋರ್ಡಿನ 8ನೇ ಪಿನ್. ಪಲ್ಸಿನ ಅಂಚು ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಬರೆದಿಡುತ್ತದೆ, ಪ್ರೋಗ್ರಾಂ ಬೇರೆ ಕೆಲಸದಲ್ಲಿದ್ದರೂ ತೊಂದರೆ ಇಲ್ಲ. ಎರಡು ಅಂಚುಗಳ ನಡುವಿನ ವ್ಯತ್ಯಾಸ ಒಂದು ಸುತ್ತಿನ ಸಮಯ. ಅದನ್ನು 4ರಿಂದ ಭಾಗಿಸಿ, ಅಂಚಿನ ಎಣಿಕೆಗೆ ಕೂಡಿಸಿ, ಔಟ್‌ಪುಟ್ ಕಂಪೇರ್‌ಗೆ ಹಾಕಿ. ಟೈಮರ್ ಆ ಎಣಿಕೆಗೆ ಮುಟ್ಟಿದಾಗ 9ನೇ ಪಿನ್ ತಾನೇ ಆನ್ ಆಗುತ್ತದೆ.

16 ಮೆಗಾಹರ್ಟ್ಸನ್ನು 256ರಿಂದ ಭಾಗಿಸಿದರೆ ಒಂದು ಎಣಿಕೆ 16 ಮೈಕ್ರೋಸೆಕೆಂಡ್. ನಿಮ್ಮ ಬೆಲ್ಟ್ 300 ಆರ್‌ಪಿಎಂನಲ್ಲಿ ಸೆಕೆಂಡಿಗೆ 2 ಮೀಟರ್ ಓಡುತ್ತದೆ, 16 ಮೈಕ್ರೋಸೆಕೆಂಡಿನಲ್ಲಿ ಅದು ಸರಿಯುವುದು 0.032 ಮಿಮೀ. ಗಮ್ ಗೆರೆಯೇ ಅದರ ಎಷ್ಟೋ ಪಟ್ಟು ಅಗಲ ಇರುತ್ತದೆ, ಸಾಕಲ್ವಾ. ಒಂದು ಎಚ್ಚರ: 16 ಬಿಟ್ ಟೈಮರ್ 1.048 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರು. 60 ಆರ್‌ಪಿಎಂ ಅಂಚಿನಲ್ಲಿ ಪಾರಾಗುತ್ತದೆ. 55ಕ್ಕೆ ಇಳಿದರೆ ಒಂದು ಸುತ್ತು 42 ಮಿಲಿಸೆಕೆಂಡ್ ಅಂತ ಲೆಕ್ಕ ತೋರಿಸುತ್ತದೆ, ಗಮ್ ಎಲ್ಲೋ ಹಾರುತ್ತದೆ. ಎಷ್ಟು ಸಲ ತುಂಬಿತು ಅಂತ ಓವರ್‌ಫ್ಲೋ ಎಣಿಸಿಕೊಳ್ಳಿ.

ಇನ್ನು ಡ್ರೈವ್ ಗಲಾಟೆ. ವಿಎಫ್‌ಡಿ (ಮೋಟಾರ್ ಸ್ಪೀಡ್ ಬದಲಿಸುವ ಡ್ರೈವ್) ಇರುವ ಪ್ಯಾನೆಲ್‌ನಲ್ಲಿ ಸೆನ್ಸರ್ ವೈರಿಗೆ ಸುಳ್ಳು ಪಲ್ಸ್ ಬರುತ್ತವೆ. ಶೀಲ್ಡ್ ಕೇಬಲ್, ಶೀಲ್ಡ್ ಒಂದೇ ತುದಿಯಲ್ಲಿ ಅರ್ಥ್, ಆಮೇಲೆ ಆಪ್ಟೊ, ಅಂದರೆ ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಐಸಿ. ಜೊತೆಗೆ ಪ್ರೋಗ್ರಾಂನಲ್ಲಿ 150 ಮಿಲಿಸೆಕೆಂಡಿಗಿಂತ ಬೇಗ ಬಂದ ಪಲ್ಸನ್ನು ಲೆಕ್ಕಕ್ಕೇ ಇಡಬೇಡಿ. ನಿಮ್ಮ ಶಾಫ್ಟ್ 400 ಆರ್‌ಪಿಎಂ ತಿರುಗುವುದೇ ಇಲ್ಲ.

ಭೋಸರಿ_ಫಿಟ್ಟರ್:
ಊನೋದಲ್ಲಿ ಇರುವುದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್, ಅರ್ಧ ಶೇಕಡಾ ತಪ್ಪು ಇರುತ್ತದೆ ಅಂತ ಕೇಳಿದ್ದೇನೆ. ನಿಖರ ಡಿಲೇಗೆ ನಡೆಯುತ್ತದಾ?

ಮಾಟುಂಗಾ_ಮಾಮ:
ಒಳ್ಳೆ ಪ್ರಶ್ನೆ. ನಿಮ್ಮ ಕೆಲಸದಲ್ಲಿ ನಡೆಯುತ್ತದೆ. ಸುತ್ತಿನ ಸಮಯ ಅಳೆಯುವ ಗಡಿಯಾರವೂ ಅದೇ, ಕಾಲು ಸುತ್ತು ಎಣಿಸುವ ಗಡಿಯಾರವೂ ಅದೇ. ಅರ್ಧ ಶೇಕಡಾ ಜೋರಾಗಿ ಓಡಿದರೆ ಸುತ್ತೂ ಅಷ್ಟು ದೊಡ್ಡದಾಗಿ ಕಾಣುತ್ತದೆ, ಕಾಲುಭಾಗವೂ ಅಷ್ಟೇ ದೊಡ್ಡದಾಗುತ್ತದೆ, ತಪ್ಪು ತಪ್ಪಿಗೆ ವಜಾ. ವಾಲ್ವ್‌ನ ಮಿಲಿಸೆಕೆಂಡ್ ಭಾಗಕ್ಕೆ ಮಾತ್ರ ತಪ್ಪು ತಟ್ಟುತ್ತದೆ, 8 ಮಿಲಿಸೆಕೆಂಡಿನ ಅರ್ಧ ಶೇಕಡಾ 40 ಮೈಕ್ರೋಸೆಕೆಂಡ್. ಮರೆತುಬಿಡಿ.

ಅಂಧೇರಿ_ಲ್ಯಾಬ್:
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಇದರ ತದ್ವಿರುದ್ಧ. ಸಿಗ್ನಲ್ ಫ್ರೀಕ್ವೆನ್ಸಿ 10 ಕಿಲೋಹರ್ಟ್ಸ್‌ನಿಂದ 500 ಕಿಲೋಹರ್ಟ್ಸ್‌ವರೆಗೆ ಓಡಾಡುತ್ತದೆ, ಆದರೆ ಡಿಲೇ ಯಾವಾಗಲೂ 5 ಮೈಕ್ರೋಸೆಕೆಂಡೇ ಇರಬೇಕು. ಮೇಲೆ ಹೇಳಿದ ಲೆಕ್ಕದಲ್ಲಿ 500 ಕಿಲೋಹರ್ಟ್ಸ್‌ಗೆ ಒಂದು ಸೈಕಲ್ 2 ಮೈಕ್ರೋಸೆಕೆಂಡ್. ಮೊನೊಸ್ಟೇಬಲ್ ಇಲ್ಲೂ ಸತ್ತ ಹಾಗೇ ಅಲ್ವಾ?

ಘನ್ಸೋಲಿ_ಅನಲಾಗ್:
ಹೌದು, ಸತ್ತ ಹಾಗೇ. ಡಿಲೇ ಒಂದು ಸೈಕಲ್‌ಗಿಂತ ಉದ್ದ ಆದರೆ ಒಂದೇ ಹೊತ್ತಿಗೆ ಹಲವು ಅಂಚುಗಳು ದಾರಿಯಲ್ಲಿರುತ್ತವೆ, ಅಷ್ಟನ್ನೂ ನೆನಪಿಡುವ ಜಾಗ ಬೇಕು. ಶಿಫ್ಟ್ ರಿಜಿಸ್ಟರ್ ಹಾಕಿ, ಪ್ರತಿ ಕ್ಲಾಕ್‌ಗೂ ಬಿಟ್‌ಗಳನ್ನು ಒಂದು ಮೆಟ್ಟಿಲು ಮುಂದಕ್ಕೆ ತಳ್ಳುವ ಐಸಿ ಅದು. 20 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್, ಒಂದು ಮೆಟ್ಟಿಲಿಗೆ 50 ನ್ಯಾನೋಸೆಕೆಂಡ್, 100 ಮೆಟ್ಟಿಲು ಅಂದರೆ 5 ಮೈಕ್ರೋಸೆಕೆಂಡ್. 74ಎಚ್‌ಸಿ164 ಒಂದರಲ್ಲಿ 8 ಮೆಟ್ಟಿಲು, 13 ಐಸಿ ಸಾಲಾಗಿ, ಹದಿಮೂರನೆಯದರ ನಾಲ್ಕನೇ ಔಟ್‌ಪುಟ್ ತೆಗೆದುಕೊಳ್ಳಿ. ಹಳೆ 4000 ಸೀರೀಸ್ 5 ವೋಲ್ಟ್‌ನಲ್ಲಿ ಈ ವೇಗಕ್ಕೆ ಬರುವುದಿಲ್ಲ. 13 ಐಸಿ ಬೇಡ ಅನಿಸಿದರೆ ಚಿಕ್ಕ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದುಕೊಳ್ಳುವ ಚಿಪ್), ಅದರೊಳಗಿನ ಮೆಮರಿಯಲ್ಲಿ ಬರೆಯುತ್ತಾ ಹೋಗಿ 100 ಮನೆ ಹಿಂದಿನದನ್ನು ಓದುತ್ತಾ ಬರುವುದು.

ಅಂಚು ಕ್ಲಾಕ್‌ನ ಯಾವ ಕ್ಷಣದಲ್ಲಿ ಬಂತು ಅನ್ನುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೇ 0ಯಿಂದ 50 ನ್ಯಾನೋಸೆಕೆಂಡ್ ಜಿಟರ್, ಅಂದರೆ ಅಂಚಿನ ಅಲ್ಲಾಟ, ಇದ್ದೇ ಇರುತ್ತದೆ. ಕಡಿಮೆ ಬೇಕಿದ್ದರೆ ಕ್ಲಾಕ್ ಏರಿಸಿ, ಮೆಟ್ಟಿಲು ಏರಿಸಿ. ಕ್ರಿಸ್ಟಲ್‌ನ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿಗೆ ಇಲ್ಲಿ ಬೆಲೆಯೇ ಇಲ್ಲ, 5 ಮೈಕ್ರೋಸೆಕೆಂಡಿನಲ್ಲಿ ಅದು ಕಾಲು ನ್ಯಾನೋಸೆಕೆಂಡ್. ಟಿಸಿಎಕ್ಸ್‌ಓ (ಬಿಸಿಲು, ಚಳಿಗೆ ಅಲ್ಲಾಡದ ನಿಖರ ಆಸಿಲೇಟರ್) ತರಲು ದುಡ್ಡು ಸುರಿಯಬೇಡಿ.

ಮಜಾ ಏನು ಗೊತ್ತಾ, ಇದೇ ಶಿಫ್ಟ್ ರಿಜಿಸ್ಟರ್‌ಗೆ ಕ್ರಿಸ್ಟಲ್ ಬದಲು ಸಿಗ್ನಲ್‌ಗೇ ಲಾಕ್ ಆದ ಪಿಎಲ್‌ಎಲ್ ಕ್ಲಾಕ್ ಕೊಟ್ಟರೆ ಡಿಲೇ ಡಿಗ್ರಿ ಲೆಕ್ಕಕ್ಕೆ ತಿರುಗುತ್ತದೆ. ವೈರ್ ಒಂದನ್ನು ಅತ್ತಿಂದಿತ್ತ ಹಾಕಿದರೆ ಸಾಕು. ಗಿಟಾರ್ ಪೆಡಲ್‌ಗಳಲ್ಲಿ ಬರುತ್ತಿದ್ದ ಎಂಎನ್3007 ಐಸಿ ಇದರ ಅನಲಾಗ್ ಅಣ್ಣ: 1024 ಮೆಟ್ಟಿಲು, ಒಂದು ಕ್ಲಾಕ್ ಸೈಕಲ್‌ಗೆ ಎರಡು ಮೆಟ್ಟಿಲು, ಕ್ಲಾಕ್ 10ರಿಂದ 100 ಕಿಲೋಹರ್ಟ್ಸ್, ಡಿಲೇ 51.2ರಿಂದ 5.12 ಮಿಲಿಸೆಕೆಂಡ್.

ಚಾಕಣ್_ಸ್ಪಾರ್ಕ್:
ನಮ್ಮಿಂದ ಮೇಲಕ್ಕೆ ನಾಸಿಕ್ ರಸ್ತೆ ಹಿಡಿದರೆ ನಾರಾಯಣಗಾಂವ್, ಅಲ್ಲಿಂದ ಖೋಡದ್. ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇದೆಯಲ್ಲ, 45 ಮೀಟರ್ ಅಗಲದ 30 ತಟ್ಟೆಗಳು, 25 ಕಿಲೋಮೀಟರ್‌ವರೆಗೆ ಹರಡಿವೆ. ಆಕಾಶದಿಂದ ಬಂದ ಅಲೆ ಎಲ್ಲ ತಟ್ಟೆಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲ. ಬೆಳಕಿಗೆ 25 ಕಿಮೀ ದಾಟಲು ಸುಮಾರು 83 ಮೈಕ್ರೋಸೆಕೆಂಡ್ ಬೇಕು. ಮೊದಲು ಬಂದದ್ದನ್ನು ಅಷ್ಟು ಹೊತ್ತು ಮೆಮರಿಯಲ್ಲಿ ಕಾಯಿಸಿ ಆಮೇಲೆ ಕೂಡಿಸುತ್ತಾರೆ. ಅದೂ ಸಮಯದ ಲೆಕ್ಕದ್ದೇ ಡಿಲೇ, ಮೇಲಾಗಿ ಭೂಮಿ ತಿರುಗಿದಂತೆ ಬದಲಾಗುತ್ತಲೇ ಇರುತ್ತದೆ.

ಅಂಧೇರಿ_ಲ್ಯಾಬ್:
ಒಂದು ಮೆಟ್ಟಿಲಿಗಿಂತ ಕಡಿಮೆ ಉಳಿದ ಚೂರನ್ನು ಏನು ಮಾಡುತ್ತಾರೆ? ನನಗೂ ಅದೇ ತಲೆನೋವು.

ಚಾಕಣ್_ಸ್ಪಾರ್ಕ್:
ಎಫ್‌ಎಫ್‌ಟಿ (ಸಿಗ್ನಲ್ಲನ್ನು ಬೇರೆ ಬೇರೆ ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ) ಆದ ಮೇಲೆ ಪ್ರತಿ ಫ್ರೀಕ್ವೆನ್ಸಿಯ ಫೇಸನ್ನು ಅದರ ಪಾಲಿಗೆ ತಕ್ಕಷ್ಟು ತಿರುಗಿಸುತ್ತಾರೆ. ಡಿಲೇ ಸಮಯ ಒಂದೇ ಇದ್ದರೂ ಫೇಸ್ ಡಿಗ್ರಿ ಅಂದರೆ 360 × ಫ್ರೀಕ್ವೆನ್ಸಿ × ಸಮಯ, ಹಾಗಾಗಿ ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಜಾಸ್ತಿ ತಿರುಗಿಸಬೇಕು. ನಿಮ್ಮದು ಬರೀ ಒಂದು ಬಿಟ್ ಸಿಗ್ನಲ್, ನಿಮಗೆ ಅದು ಒದಗುವುದಿಲ್ಲ. ಕ್ಲಾಕ್ ಏರಿಸುವುದೇ ದಾರಿ.

ಭೋಸರಿ_ಫಿಟ್ಟರ್:
ತಟ್ಟೆ ಎಲ್ಲ ನೋಡಿ ಬಂದಿರಾ, ಈಗ ನನ್ನ ಗಮ್‌ಗೆ ಬನ್ನಿ. ವೆರ್ಣಾ ಅಣ್ಣ ಹೇಳಿದ ಹಾಗೆ ಊನೋ ಹಾಕಿದೆ, ಸದ್ಯಕ್ಕೆ ಬರೀ 90 ಡಿಗ್ರಿ, ಏನೂ ಕಳೆದಿಲ್ಲ. ಎಲ್ಲ ಕಾರ್ಟನ್‌ಗೂ ಬೀಳುತ್ತಿದೆ. 60ರಲ್ಲಿ 3 ಮಿಮೀ ತಡ, 300ರಲ್ಲಿ 16 ಮಿಮೀ ತಡ. ವಾಲ್ವ್ ಎಷ್ಟು ಮಿಲಿಸೆಕೆಂಡ್ ತಿನ್ನುತ್ತದೆ ಅಂತ ಅಳೆಯಲು ಆಸಿಲೋಸ್ಕೋಪ್ ಎಲ್ಲಿಂದ ತರಲಿ?

ಮಾಟುಂಗಾ_ಮಾಮ:
ಸ್ಕೋಪ್ ಯಾಕೆ, ಸ್ಕೇಲ್‌ನಲ್ಲೇ ಅಳೆದಿರಲ್ಲ! ಎರಡು ಸ್ಪೀಡಿನ ನಡುವೆ ಜಾಗ 13 ಮಿಮೀ ಸರಿಯಿತು. ಬೆಲ್ಟ್ ವೇಗ 0.4ರಿಂದ 2 ಮೀಟರ್ ಆಯಿತು, ವ್ಯತ್ಯಾಸ ಸೆಕೆಂಡಿಗೆ 1.6 ಮೀಟರ್. 13ನ್ನು 1.6ರಿಂದ ಭಾಗಿಸಿದರೆ 8 ಮಿಲಿಸೆಕೆಂಡ್ ಚಿಲ್ಲರೆ. ಇದರಲ್ಲಿ ಸೆನ್ಸರ್ ತಡ, ಆಪ್ಟೊ ತಡ, ವಾಲ್ವ್ ತಡ, ನಾಝಲ್‌ನಿಂದ ಕಾಗದಕ್ಕೆ ಗಮ್ ಹಾರುವ ತಡ ಎಲ್ಲ ಸೇರಿದೆ. ಸ್ಕೋಪ್ ಹಿಡಿದರೆ ಕಾಯಿಲ್‌ನ ಕರೆಂಟ್ ಕಾಣುತ್ತಿತ್ತು ಅಷ್ಟೇ, ಗಮ್ ಕಾಣುತ್ತಿರಲಿಲ್ಲ. ಈಗ ಸುತ್ತಿನ ಕಾಲುಭಾಗದಿಂದ 8 ಮಿಲಿಸೆಕೆಂಡ್ ಕಳೆಯಿರಿ: 60ರಲ್ಲಿ 242, 300ರಲ್ಲಿ 42.

ಮುಂದೆ ಯಾರಾದರೂ 10 ಡಿಗ್ರಿಗೇ ಗಮ್ ಬೇಕು ಅಂದರೆ ಕಷ್ಟ. 300ರಲ್ಲಿ 10 ಡಿಗ್ರಿ ಅಂದರೆ 5.6 ಮಿಲಿಸೆಕೆಂಡ್, ಅದರಲ್ಲಿ 8 ಕಳೆಯುವುದು ಎಲ್ಲಿಂದ. ಆಗ ಶಾಫ್ಟಿನ ಪಟ್ಟಿಯನ್ನೇ ಹಿಂದಕ್ಕೆ ಸರಿಸಬೇಕು.

ಭೋಸರಿ_ಫಿಟ್ಟರ್:
8 ಕಳೆದೆ. 60, 120, 200, 300 ಎಲ್ಲದರಲ್ಲೂ ಗಮ್ ಒಂದೇ ಗೆರೆಗೆ ಶುರುವಾಗುತ್ತಿದೆ! ಎರಡು ತಕರಾರು ಉಳಿದಿವೆ. ಸ್ಟಾರ್ಟ್ ಮಾಡಿ ಸ್ಪೀಡ್ ಏರುವಾಗ ಮೊದಲ ಕೆಲವು ಕಾರ್ಟನ್ ಕೆಡುತ್ತವೆ. ಮತ್ತೆ, ಗೆರೆ 60 ಮಿಮೀ ಉದ್ದ ಇರಬೇಕು, 60 ಆರ್‌ಪಿಎಂನಲ್ಲಿ 65 ಬರುತ್ತದೆ, 300ರಲ್ಲಿ 84. ಬಾಲ ಎಳೆಯುತ್ತದೆ.

ವೆರ್ಣಾ_ವೈರಿಂಗ್:
ಮೊದಲನೆಯದು ಸಹಜ. ಊನೋ ಹಿಂದಿನ ಸುತ್ತಿನ ಸಮಯ ನೋಡಿ ಮುಂದಿನದನ್ನು ಊಹಿಸುತ್ತಿದೆ. ಸ್ಪೀಡ್ 4 ಸೆಕೆಂಡಿನಲ್ಲಿ 60ರಿಂದ 300ಕ್ಕೆ ಏರುತ್ತದೆ ಅನ್ನಿ. ಊನೋ 250 ಮಿಲಿಸೆಕೆಂಡ್ ಕಾಯುವಷ್ಟರಲ್ಲಿ ಶಾಫ್ಟ್ 90 ದಾಟಿ 101 ಡಿಗ್ರಿಯಲ್ಲಿರುತ್ತದೆ. ಹನ್ನೆರಡು ಮಿಮೀ ಹೋಯಿತು. ಎರಡು ದಾರಿ ಇವೆ. ಡ್ರೈವ್‌ನ ಏರುವ ಸಮಯ ನಿಧಾನ ಮಾಡಿ, ಅದಕ್ಕೆ ಖರ್ಚಿಲ್ಲ. ಇಲ್ಲವೇ ಶಾಫ್ಟಿಗೆ ಎನ್‌ಕೋಡರ್ ಹಾಕಿ, ಒಂದು ಸುತ್ತಿಗೆ 1000 ಪಲ್ಸ್ ಕೊಡುವುದು. ಆಗ ಊಹೆಯೇ ಬೇಡ, 250 ಪಲ್ಸ್ ಎಣಿಸಿದರೆ 90 ಡಿಗ್ರಿ. 8 ಮಿಲಿಸೆಕೆಂಡನ್ನು ಆ ಕ್ಷಣದ ಸ್ಪೀಡಿಗೆ ಪಲ್ಸ್ ಮಾಡಿಕೊಳ್ಳಿ, 60ರಲ್ಲಿ 8 ಪಲ್ಸ್, 300ರಲ್ಲಿ 40. ಅಂದರೆ 242ನೇ ಪಲ್ಸಿಗೆ ಅಥವಾ 210ನೇ ಪಲ್ಸಿಗೆ ಆನ್.

ಚಾಕಣ್_ಸ್ಪಾರ್ಕ್:
ಎಂಜಿನ್‌ಗಳಲ್ಲಿ 60 ಹಲ್ಲಿನ ಚಕ್ರಕ್ಕೆ 2 ಹಲ್ಲು ಕಿತ್ತು ಹಾಕುವುದು ಇದಕ್ಕೇ. 6 ಡಿಗ್ರಿಗೊಂದು ಸಲ ಸ್ಪೀಡ್ ಗೊತ್ತಾಗುತ್ತದೆ, ಖಾಲಿ ಜಾಗ ಸೊನ್ನೆ ಎಲ್ಲಿ ಅಂತ ಹೇಳುತ್ತದೆ. ಎನ್‌ಕೋಡರ್ ದುಬಾರಿ ಅನಿಸಿದರೆ ಲೇತ್‌ನವರ ಹತ್ತಿರ ಹಲ್ಲಿನ ಚಕ್ರ ಕೊರೆಸಿ.

ವೆರ್ಣಾ_ವೈರಿಂಗ್:
ಎರಡನೆಯದು, ಬಾಲ. 65ರಿಂದ 84, ಅಂದರೆ 19 ಮಿಮೀ. ಮಾಮನ ಸ್ಕೇಲ್ ಲೆಕ್ಕ ಇಲ್ಲೂ ಹಾಕಿ: 19ನ್ನು 1.6ರಿಂದ ಭಾಗಿಸಿದರೆ 12 ಮಿಲಿಸೆಕೆಂಡ್. ವಾಲ್ವ್ ತೆರೆಯಲು 8 ತಿನ್ನುತ್ತದೆ, ಮುಚ್ಚಲು 20 ತಿನ್ನುತ್ತಿದೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಒಂದೇ ಇದೆಯಾ? ಸ್ವಿಚ್ ಆಫ್ ಆದ ಮೇಲೂ ಕಾಯಿಲ್ ಕರೆಂಟ್ ಆ ಡಯೋಡ್‌ನಲ್ಲಿ ಸುತ್ತುತ್ತಲೇ ಇರುತ್ತದೆ, ವಾಲ್ವ್ ಬಿಡುವುದಿಲ್ಲ. ಡಯೋಡ್ ಜೊತೆ ಸರಣಿಯಲ್ಲಿ 24 ವೋಲ್ಟ್ ಝೀನರ್ ಉಲ್ಟಾ ಹಾಕಿ, 1ಎನ್5359 ಸಿಗುತ್ತದೆ, 5 ವ್ಯಾಟ್‌ನದು. ಕರೆಂಟ್ ಬೇಗ ಸಾಯುತ್ತದೆ. ಆದರೆ ಆಫ್ ಆಗುವಾಗ ಕಾಯಿಲ್ ಆನ್-ಆಫ್ ಮಾಡುವ ಮಾಸ್ಫೆಟ್ ಟ್ರಾನ್ಸಿಸ್ಟರ್ ಮೇಲೆ ಸಪ್ಲೈ 24 ಮತ್ತು ಝೀನರ್ 24 ಸೇರಿ ಸುಮಾರು 49 ವೋಲ್ಟ್ ಬರುತ್ತದೆ. 55 ವೋಲ್ಟ್‌ನ ಐಆರ್‌ಎಫ್‌ಝಡ್44ಎನ್ ಇದ್ದರೆ ಕುತ್ತಿಗೆಗೆ ಬರುತ್ತದೆ. 100 ವೋಲ್ಟ್‌ನ ಐಆರ್‌ಎಲ್540ಎನ್ ಹಾಕಿ, ಊನೋದ 5 ವೋಲ್ಟ್‌ಗೆ ಅದು ಪೂರ್ತಿ ಆನ್ ಆಗುತ್ತದೆ.

ಇನ್ನೊಂದು, ಆ ಬೋರ್ಡಿಗೆ ವಾರ್ನಿಷ್ ಕೋಟಿಂಗ್ ಹೊಡೆಯಿರಿ. ಗೋವಾದ ಮಳೆಗಾಲದಲ್ಲಿ ಮೆಗಾಓಮ್ ರೆಸಿಸ್ಟರ್ ಹಾಕಿದ ಟೈಮರ್‌ಗಳೆಲ್ಲ ತೇವಕ್ಕೆ ದಾರಿ ತಪ್ಪುವುದನ್ನು ನೋಡಿದ್ದೇನೆ. ಪುಣೆಯಲ್ಲಿ ಅಷ್ಟಿಲ್ಲ, ಆದರೂ ಗಮ್ ಇರುವ ಜಾಗ.

ಭೋಸರಿ_ಫಿಟ್ಟರ್:
ಬರೀ 4007 ಇತ್ತು, ನೀವು ಹೇಳಿದ್ದೇ ಸರಿ. ಝೀನರ್, ಮಾಸ್ಫೆಟ್ ಹಾಕಿದೆ. 300ರಲ್ಲಿ ಗೆರೆ 84ರಿಂದ 66ಕ್ಕೆ ಇಳಿಯಿತು. ಉಳಿದ 3 ಮಿಲಿಸೆಕೆಂಡ್ ಪ್ರೋಗ್ರಾಂನಲ್ಲೇ ಬೇಗ ಆಫ್ ಮಾಡಿದೆ, ಈಗ 60, 61. ಡ್ರೈವ್ ಏರುವ ಸಮಯ 4ರಿಂದ 15 ಸೆಕೆಂಡ್ ಮಾಡಿದ್ದೇನೆ, ಶುರುವಿನ ಕಾರ್ಟನ್ ಕೆಡುವುದು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಎನ್‌ಕೋಡರ್ ತೆಗೆದುಕೊಳ್ಳುವುದಾದರೆ ಯಾವ ಔಟ್‌ಪುಟ್‌ನದು ಕೇಳಬೇಕು? ಪ್ಯಾನೆಲ್‌ಗೆ ಕೇಬಲ್ 6 ಮೀಟರ್ ಆಗುತ್ತದೆ, ಡ್ರೈವ್ ಪಕ್ಕದಲ್ಲೇ ಹಾಯುತ್ತದೆ.

ಬುಧವಾರಪೇಟೆ:
ಲೈನ್ ಡ್ರೈವರ್ ಔಟ್‌ಪುಟ್‌ನದು ಕೇಳಿ, ಎ ಮತ್ತು ಎ ಬಾರ್ (ಅದರ ಉಲ್ಟಾ ಸಿಗ್ನಲ್) ಎರಡೂ ಇರುವುದು. ಜೊತೆಗೆ ಸುತ್ತಿಗೊಮ್ಮೆ ಬರುವ ಝಡ್ ಪಲ್ಸ್ ಇರಲಿ, ಆಗ ಹಳೆ ಪಟ್ಟಿ, ಸೆನ್ಸರ್ ಎರಡೂ ತೆಗೆಯಬಹುದು. ಪ್ಯಾನೆಲ್ ಒಳಗೆ 26ಎಲ್‌ಎಸ್32 ರಿಸೀವರ್ ಹಾಕಿ. ಪುಣೆಯ ಬುಧವಾರಪೇಟೆಯ ಪಾಸೋಡ್ಯಾ ವಿಠೋಬಾ ಗಲ್ಲಿಯಲ್ಲಿ ವಿಚಾರಿಸಿ. ಶಾಫ್ಟಿನ ಸೈಜ್ ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ, ಕಪ್ಲಿಂಗ್ ಕೂಡ ಅಲ್ಲೇ ನೋಡಿಬಿಡಿ.